ಎಣಿಕೆಯ ಕಡತಗಳ ಅವಸಾನ

ಹೆಬ್ಬಾಳದಿಂದ ನಾಗವಾರದತ್ತ ಸಾಗುವ ಹೊರವರ್ತುಲ ರಸ್ತೆಯ ಬದಿಯಲ್ಲಿ ಗಣಕೋದ್ಯಮವು ಬೇರೂರುತ್ತಿದ್ದ ಕಾಲದಲ್ಲಿಯೇ, 2005ರಲ್ಲಿ, ಗೂಗಲ್ ಸಂಸ್ಥೆಯು ಅರ್ಚಿನ್ ಎಂಬ ಅಮೆರಿಕದ ಕಂಪನಿಯನ್ನು ಕೊಂಡು, ಜಾಲತಾಣಗಳಿಗೆ ಬಂದುಹೋಗುವವರನ್ನು ಎಣಿಸುವ ವಿದ್ಯೆಯನ್ನು ಗೂಗಲ್ ಅನಲಿಟಿಕ್ಸ್ ಎಂಬ ಹೆಸರಿನಿಂದ ಉಚಿತವಾಗಿ ಲೋಕಕ್ಕಿತ್ತಿತು. ಮುಂದೆ ಬಂದ 360 ಎಂಬ ಸಶುಲ್ಕ ಆವೃತ್ತಿಯಾದರೋ ಮರುಮಾರಾಟಗಾರರ ಮೂಲಕವೂ ಗಿರಾಕಿಗಳನ್ನು ಸೇರುತ್ತಿತ್ತು. ಇವುಗಳ ಹಳೆಯ ಪದ್ಧತಿ ಸಾಮಾನ್ಯರಿಗೆ 2023ರ ಜುಲೈ 1ರಂದೂ ಸಶುಲ್ಕದವರಿಗೆ 2024ರ ಜುಲೈ 1ರಂದೂ ನಿಂತುಹೋಯಿತು. ಅದನ್ನು ನಿಲ್ಲಿಸುವ ಗೂಗಲ್‌ನ ನಿರ್ಣಯದಲ್ಲಿ ಮರುಮಾರಿದವನಿಗಾಗಲಿ ಕೊಂಡವನಿಗಾಗಲಿ ಪಾಲಿರಲಿಲ್ಲ. ಊರಿನ ವಾಣಿಜ್ಯದ ಚರಿತ್ರೆಯನ್ನು ಬರೆಯುವವನಿಗೆ ಜಾಲತಾಣಗಳಿಗೆ ಬಂದುಹೋದವರ ಈ ಅಂಕಿಗಳು ಯಶವಂತಪುರದ ಮಂಡಿಯ ಖಾತೆಪುಸ್ತಕಗಳಷ್ಟೇ ಅಮೂಲ್ಯವೆಂದು ನಾನು ಬಗೆಯುತ್ತೇನೆ. ಆದರೆ ಅವು ಹಳೆಯದರ ಬದಲಿಗೆ ಗೂಗಲ್ ತಂದ ಹೊಸ ಪದ್ಧತಿಗೆ ವಲಸೆ ಬರುವಂತಿರಲಿಲ್ಲವಾದ್ದರಿಂದ, ಆರ್.ಟಿ. ನಗರದ ಸಣ್ಣ ವರ್ತಕನೂ ಅವು ಅಳಿಸಿಹೋಗುವ ಮುನ್ನವೇ ತನ್ನ ವರ್ಷಾಂತರಗಳ ಲೆಕ್ಕವನ್ನು ಕೋಷ್ಟಕಗಳಾಗಿ ಇಳಿಸಿಟ್ಟುಕೊಳ್ಳಬೇಕಾಗಿತ್ತು.