ಪ್ರೊಸೆಸರ್ ಯಾವಾಗ ಕೊಳ್ಳಬೇಕು? ಒಂದು ಹಳೆಯ ಜಗಳದ ಕಥೆ

2012ರ ಬೇಸಿಗೆಯಲ್ಲಿ ನಾವು ನಾಲ್ವರು ವಿಜಯನಗರದ ಒಂದೇ ರೂಮಿನಲ್ಲಿದ್ದೆವು. ವಿಡಿಯೋ ಎಡಿಟಿಂಗ್‌ಗೆ ಒಂದು ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕಿತ್ತು. ಕೂಡಿಸಿದ ಹಣದಲ್ಲಿ ಒಬ್ಬನ ಮನೆಯ ರಾಗಿ ಮಾರಿದ ದುಡ್ಡೂ ಇತ್ತು. ಈಗಲೇ ಕೊಳ್ಳೋಣವೇ, ಹೊಸ ಪ್ರೊಸೆಸರ್ ಬರಲಿ ಅಂತ ಕಾಯೋಣವೇ? ದಿನಾ ಇದೇ ಜಗಳ.

ಈ ಜಗಳ ನಮಗಿಂತ ಮೊದಲಿನದು. 1998ರ ಆಗಸ್ಟ್‌ನಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಬೆಲೆ 149 ಡಾಲರ್, ವೇಗ 300 ಮೆಗಾಹರ್ಟ್ಸ್. ಅದೇ ತಿಂಗಳು ಬಂದ 450 ಮೆಗಾಹರ್ಟ್ಸ್‌ನ ಪೆಂಟಿಯಂ 2ಕ್ಕೆ 669 ಡಾಲರ್. ಆದರೆ ಸೆಲೆರಾನಿನ ವೇಗ ಒಂದು ಸರಳ ಗುಣಾಕಾರ. ಮದರ್‌ಬೋರ್ಡಿನ ಬಸ್ (ಬಿಎಂಟಿಸಿ ಅಲ್ಲ, ಚಿಪ್‌ಗೆ ತಾಳ ಹಾಕುವ ಗಡಿಯಾರದ ವೇಗ ಅನ್ನಿ) 66, ಅದರ ನಾಲ್ಕೂವರೆ ಪಟ್ಟು 300. ಬಸ್ಸನ್ನು 100ಕ್ಕೆ ಏರಿಸಿದರೆ 450! ಬಹಳಷ್ಟು ಚಿಪ್‌ಗಳು ಆ ವೇಗದಲ್ಲೂ ಸಲೀಸಾಗಿ ಓಡಿದವು. ಒಳಗಿದ್ದ 128 ಕಿಲೋಬೈಟ್ ಕ್ಯಾಶ್ ಚಿಕ್ಕದಾದರೂ ಚಿಪ್‌ನಷ್ಟೇ ವೇಗವಾಗಿತ್ತು. ಹೀಗೆ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಓಡಿಸುವುದೇ ಓವರ್‌ಕ್ಲಾಕಿಂಗ್. ಬಿಸಿ ಜಾಸ್ತಿ, ಕರೆಂಟು ಜಾಸ್ತಿ, ಕೆಟ್ಟರೆ ವಾರಂಟಿ ಕಷ್ಟ.

ಕಾಯುವವರ ಕಾಲ 2006ರಲ್ಲಿ ಬಂತು. ಜುಲೈನಲ್ಲಿ ಇಂಟೆಲ್ ಕೋರ್ 2 ಡ್ಯುಯೊ ಬಿಡುವ ಹೊತ್ತಿಗೆ ಪ್ರತಿಸ್ಪರ್ಧಿ ಎಎಂಡಿ ತನ್ನ ಎಷ್ಟೋ ಪ್ರೊಸೆಸರ್‌ಗಳ ಬೆಲೆಯನ್ನು ಸುಮಾರು ಅರ್ಧಕ್ಕೆ ಇಳಿಸಿತು. ಜಾತ್ರೆ ಮುಗಿಯುವ ದಿನ ಎತ್ತಿನ ಬೆಲೆ ಇಳಿದ ಹಾಗೆ. ಜೂನ್‌ನಲ್ಲಿ ಕೊಂಡವರು ಕೈ ಹಿಸುಕಿಕೊಂಡರು.

2011ರಲ್ಲಿ ಇಂಟೆಲ್ ಬೀಗ ಹಾಕಿತು. ಬಸ್ ಏರಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿತು. ಹೆಸರಿನ ಕೊನೆಗೆ 'ಕೆ' ಇರುವ ದುಬಾರಿ ಮಾದರಿಗಳಲ್ಲಿ ಮಾತ್ರ ಪಟ್ಟು ಏರಿಸಲು ಪೂರಾ ಬಿಟ್ಟಿತು. ಮದರ್‌ಬೋರ್ಡೂ ಅದಕ್ಕೆ ತಕ್ಕದ್ದೇ ಇರಬೇಕು.

2012ರ ಏಪ್ರಿಲ್ ಕೊನೆಗೆ ಹೊಸ ಪೀಳಿಗೆಯ ಐ5-3570ಕೆ ಬಂತು. ವೇಗ ಏರಿಸಿದರೆ ಅದು ಹಳೆಯದಕ್ಕಿಂತ ಬಿಸಿಯಾಗುತ್ತದೆ ಎಂಬ ಸುದ್ದಿ. ಸರಿ, ಹಳೆಯ 2500ಕೆ ತರೋಣ ಎಂದು ಟೌನ್‌ಹಾಲ್‌ನಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದೆವು. ಅಲ್ಲಿವರೆಗಿನ ಲೆಕ್ಕ ಸರಿಯಾಗಿಯೇ ಇತ್ತು. ಪ್ರೊಸೆಸರ್ ಬಗ್ಗೆ ತಿಂಗಳುಗಟ್ಟಲೆ ಜಗಳವಾಡಿದ ನಾವು ಮದರ್‌ಬೋರ್ಡ್ ಯಾವುದೆಂದು ಒಂದು ನಿಮಿಷವೂ ಯೋಚಿಸಲಿಲ್ಲ. ಅಂಗಡಿಯವರು "ಇದೇ ಸಾಕು ಸಾರ್" ಎಂದು ಕೊಟ್ಟದ್ದು ಎಚ್61 ಬೋರ್ಡು. ರೂಮಿಗೆ ಬಂದು ಬಯೋಸ್ ತೆರೆದರೆ ಪಟ್ಟು ಏರಿಸಲು ಜಾಗವೇ ಇಲ್ಲ! ಆ ಬೋರ್ಡಿನಲ್ಲಿ ಬೀಗ ಹಾಕಿದ ಐ5-2400 ಕೂಡ ಹತ್ತಿರಹತ್ತಿರ ಅಷ್ಟೇ ಕೆಲಸ ಮಾಡುತ್ತಿತ್ತು. 'ಕೆ' ಅಕ್ಷರಕ್ಕೆ ಕೊಟ್ಟ ಹೆಚ್ಚಿನ ದುಡ್ಡು ಹೋಯಿತು. ರಾಗಿ ಮಾರಿದವನು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ.

2017ರಲ್ಲಿ ಎಎಂಡಿ ತನ್ನ ರೈಜನ್‌ಗಳಿಗೆ ಬೀಗವನ್ನೇ ಹಾಕಲಿಲ್ಲ. ಆದರೂ ಎ320 ಬೋರ್ಡ್ ಕೊಂಡವರಿಗೆ ನಮ್ಮದೇ ಗತಿ. ಈಗಿನ ಚಿಪ್‌ಗಳು ತಾವಾಗಿಯೇ ವೇಗ ಏರಿಸಿಕೊಳ್ಳುವುದರಿಂದ ಕೈಯಿಂದ ಏರಿಸಿ ಸಿಗುವುದೂ ಕಡಿಮೆ.

ನಮ್ಮ ಕಂಪ್ಯೂಟರ್ ಆ ರಾಗಿಯವನ ಊರು ಸೇರಿದೆ. ಅದರಲ್ಲಿ ಅವನ ತಂಗಿ ಪಂಚಾಯ್ತಿ ಅರ್ಜಿಗಳನ್ನು ನುಡಿಯಲ್ಲಿ ಟೈಪ್ ಮಾಡಿಕೊಡುತ್ತಾಳೆ.