ಐವತ್ತೈದು ಸಾವಿರ ಜನ, ನೂರು ವಾಟ್ ದನಿ

1965ರ ಆಗಸ್ಟ್ 15, ಭಾನುವಾರ. ನ್ಯೂಯಾರ್ಕಿನ ಶೇ ಸ್ಟೇಡಿಯಂ. ಬೇಸ್‌ಬಾಲ್ ಆಡೋಕೆ ಅಂತ ಹಿಂದಿನ ವರ್ಷವಷ್ಟೇ ಬಾಗಿಲು ತೆರೆದಿದ್ದ ಮೈದಾನ. ಆವತ್ತು ಸಂಜೆ ಅಲ್ಲಿ ಬ್ಯಾಟೂ ಇರಲಿಲ್ಲ, ಬಾಲೂ ಇರಲಿಲ್ಲ. ಇದ್ದದ್ದು 55,600 ಜನ, ಹುಲ್ಲಿನ ನಡುವೆ ಒಂದು ಪುಟ್ಟ ವೇದಿಕೆ, ಅದರ ಮೇಲೆ ಲಿವರ್‌ಪೂಲ್‌ನಿಂದ ಬಂದ ನಾಲ್ಕು ಹುಡುಗರು. ಬೀಟಲ್ಸ್.

ಅವರು ಹಾಡಿದ್ದು ಹನ್ನೆರಡು ಹಾಡು, ಸುಮಾರು ಅರ್ಧ ಗಂಟೆ. ಪಾಪ್ ಕಚೇರಿಯೊಂದಕ್ಕೆ ಅಷ್ಟು ಜನ ಟಿಕೆಟ್ ಕೊಂಡು ಬಂದದ್ದು ಆ ಕಾಲಕ್ಕೆ ದಾಖಲೆ. ತಮಾಷೆ ಏನು ಗೊತ್ತಾ? ಬಂದವರಲ್ಲಿ ಬಹುಪಾಲು ಜನಕ್ಕೆ ಹಾಡು ನೆಟ್ಟಗೆ ಕೇಳಿಸಲೇ ಇಲ್ಲ. ಹಾಡಿದವರಿಗೂ ಕೇಳಿಸಲಿಲ್ಲ.

ಇವತ್ತು ನಾವು ಸ್ಟೇಡಿಯಂ ಕಾನ್ಸರ್ಟ್ ಅನ್ನೋ ಮಾತನ್ನ ಎಷ್ಟು ಸಲೀಸಾಗಿ ಬಳಸ್ತೀವಿ ನೋಡಿ. ಆ್ಯಪ್ ತೆರೆದು, ವರ್ಚುವಲ್ ಕ್ಯೂನಲ್ಲಿ ನಿಂತು, ಅರ್ಧ ತಿಂಗಳ ಬಾಡಿಗೆಯಷ್ಟು ದುಡ್ಡು ಕೊಟ್ಟು ಟಿಕೆಟ್ ಬುಕ್ ಮಾಡ್ತೀವಿ. ಆದರೆ ಸ್ಟೇಡಿಯಂ ಮತ್ತು ಸಂಗೀತದ ಈ ಮದುವೆ ಪ್ರೇಮವಿವಾಹ ಆಗಿರಲಿಲ್ಲ. ಲೆಕ್ಕ ಹಾಕಿ ಮಾಡಿದ ಸಂಬಂಧ ಅದು. ಕಷ್ಟಪಟ್ಟು ಸಂಸಾರ ಹೂಡೋಕೆ ಹತ್ತಾರು ವರ್ಷ ಹಿಡಿಯಿತು.

ಲೆಕ್ಕ ಹಾಕಿದವನ ಹೆಸರು ಸಿಡ್ ಬರ್ನ್‌ಸ್ಟೀನ್. ನ್ಯೂಯಾರ್ಕಿನ ಕಾರ್ಯಕ್ರಮ ಆಯೋಜಕ. 1964ರ ಫೆಬ್ರುವರಿಯಲ್ಲಿ ಇದೇ ಬೀಟಲ್ಸ್‌ನ ಕಾರ್ನೆಗಿ ಹಾಲ್‌ನಲ್ಲಿ ಹಾಡಿಸಿದ್ದ. ಮೂರು ಸಾವಿರವೂ ಸೀಟಿಲ್ಲದ ಆ ಸಭಾಂಗಣ ಯಾವ ಮೂಲೆಗೂ ಸಾಲಲಿಲ್ಲ. ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದೂ ಸ್ಥಾನದಲ್ಲಿ ಬೀಟಲ್ಸ್ ಹಾಡುಗಳೇ ಕೂತಿದ್ದವು. ಇಷ್ಟು ಜನರನ್ನ ಕೂರಿಸೋಕೆ ಊರಲ್ಲಿ ಇನ್ನೇನಿದೆ? ಮೈದಾನ ಒಂದೇ. ಬೀಟಲ್ಸ್ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್‌ಗೆ ಅಳುಕಿತ್ತು: ಸೀಟು ಖಾಲಿ ಉಳಿದರೆ ಮರ್ಯಾದೆ ಹೋಗುತ್ತಲ್ಲ? ಖಾಲಿ ಉಳಿದ ಒಂದೊಂದು ಸೀಟಿಗೂ ಹತ್ತು ಡಾಲರ್ ಕೊಡ್ತೀನಿ ಅಂತ ತಾನು ಮಾತು ಕೊಟ್ಟಿದ್ದಾಗಿ ಬರ್ನ್‌ಸ್ಟೀನ್ ಆಮೇಲೆ ಹೇಳಿಕೊಂಡಿದ್ದಾನೆ. ಟಿಕೆಟ್ ದರ ಐದು ಡಾಲರ್ ಆಸುಪಾಸಿನಲ್ಲಿದ್ದ ಕಾಲ ಅದು. ಧೈರ್ಯ ನೋಡಿ.

ಒಂದು ಸೀಟೂ ಉಳಿಯಲಿಲ್ಲ. ಆವತ್ತಿನ ಗಲ್ಲಾಪೆಟ್ಟಿಗೆ ಮೂರು ಲಕ್ಷ ಡಾಲರ್ ದಾಟಿತು. ಬೀಟಲ್ಸ್ ಪಾಲಿಗೆ ಬಂದದ್ದು 1,60,000 ಡಾಲರ್. ಅವರನ್ನ ಮೈದಾನದೊಳಗೆ ಕರೆತಂದದ್ದು ಹೇಗೆ ಅಂತೀರಿ? ಹೆಲಿಕಾಪ್ಟರ್‌ನಲ್ಲಿ ಪಕ್ಕದ ವರ್ಲ್ಡ್ಸ್ ಫೇರ್ ಆವರಣದ ಕಟ್ಟಡವೊಂದರ ಮೇಲೆ ಇಳಿಸಿ, ಅಲ್ಲಿಂದ ಬ್ಯಾಂಕಿನ ಹಣ ಸಾಗಿಸೋ ಉಕ್ಕಿನ ವ್ಯಾನಿನಲ್ಲಿ.

ಎಲ್ಲದಕ್ಕೂ ಏರ್ಪಾಟು ಆಗಿತ್ತು, ಒಂದನ್ನ ಬಿಟ್ಟು. ಶಬ್ದ.

ವಾಕ್ಸ್ ಕಂಪನಿ ಆ ಪ್ರವಾಸಕ್ಕೆಂದೇ 100 ವಾಟ್‌ನ ಆಂಪ್ಲಿಫೈಯರ್ ಮಾಡಿಕೊಟ್ಟಿತ್ತು. ಆ ಕಾಲಕ್ಕೆ ಅದೇ ದೊಡ್ಡದು. ಇವತ್ತು ಗಣೇಶೋತ್ಸವದಲ್ಲಿ ಗಲ್ಲಿಯ ಹುಡುಗರು ಇಡೋ ಸ್ಪೀಕರ್ ಮುಂದೆ ಅದು ಏನೇನೂ ಅಲ್ಲ. ಹಾಡುಗಾರರ ದನಿ ಹೋಗಿದ್ದು ಸ್ಟೇಡಿಯಂನ ಸ್ವಂತ ಧ್ವನಿವರ್ಧಕದ ಮೂಲಕ. ಅಂದರೆ ಮುಂದಿನ ಬ್ಯಾಟ್ಸ್‌ಮನ್ ಯಾರು ಅಂತ ಕೂಗಿ ಹೇಳೋ ಸ್ಪೀಕರು! ವೇದಿಕೆ ಮೇಲೆ ತಮ್ಮ ದನಿ ತಮಗೇ ಕೇಳಿಸೋಕೆ ಇವತ್ತು ಇಡೋ ಮಾನಿಟರ್‌ಗಳು ಆಗ ಇರಲೇ ಇಲ್ಲ. ಐವತ್ತೈದು ಸಾವಿರ ಜನರ ಕಿರುಚಾಟದ ನಡುವೆ ಡ್ರಮ್ಸ್ ಬಾರಿಸೋ ರಿಂಗೋ ಸ್ಟಾರ್, ಮುಂದೆ ನಿಂತವರ ಮೈ ಅಲುಗಾಟ ನೋಡಿ ಹಾಡು ಎಲ್ಲಿಗೆ ಬಂತು ಅಂತ ಊಹಿಸಿಕೊಳ್ಳಬೇಕಿತ್ತು. ಆ ಸಂಜೆಯನ್ನ ಟಿವಿಗೆ ಚಿತ್ರೀಕರಿಸಿದವರು ಕೊನೆಗೆ ಬೀಟಲ್ಸ್‌ನ ಲಂಡನ್ನಿನ ಸ್ಟುಡಿಯೋಗೆ ಕರೆಸಿ ಕೆಲವು ಭಾಗಗಳನ್ನ ಮತ್ತೆ ಹಾಡಿಸಿ, ನುಡಿಸಿ ತುಂಬಿಸಬೇಕಾಯಿತು.

ಹಾಗಂತ ಆ ಸ್ಟೇಡಿಯಂ ಕಚೇರಿಗಳು ಬರೀ ಗಲಾಟೆ ಅಂತ ತಳ್ಳಿಹಾಕೋ ಹಾಗೂ ಇಲ್ಲ. 1964ರ ಸೆಪ್ಟೆಂಬರ್ 11ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ, ಗೇಟರ್ ಬೌಲ್ ಅನ್ನೋ ಫುಟ್‌ಬಾಲ್ ಮೈದಾನದಲ್ಲಿ ಬೀಟಲ್ಸ್ ಹಾಡಬೇಕಿತ್ತು. ಕರಿಯರು ಒಂದು ಕಡೆ, ಬಿಳಿಯರು ಒಂದು ಕಡೆ ಅಂತ ಕೂರಿಸಿದರೆ ನಾವು ವೇದಿಕೆ ಹತ್ತಲ್ಲ ಅಂತ ಅವರು ಮೊದಲೇ ಖಡಾಖಂಡಿತ ಹೇಳಿಬಿಟ್ಟರು. ಜನಾಂಗಭೇದದ ವಿರುದ್ಧದ ನಾಗರಿಕ ಹಕ್ಕು ಕಾಯ್ದೆಗೆ ಸಹಿ ಬಿದ್ದು ಎರಡು ತಿಂಗಳಷ್ಟೇ ಆಗಿತ್ತು. ಕಾಗದದ ಮೇಲಿದ್ದ ಕಾನೂನು ದಕ್ಷಿಣದ ಎಷ್ಟೋ ಊರುಗಳಲ್ಲಿ ಇನ್ನೂ ಕಾಗದದ ಮೇಲೇ ಇತ್ತು. ಗೇಟರ್ ಬೌಲ್‌ನಲ್ಲಿ ಆವತ್ತು ಎಲ್ಲರೂ ಒಟ್ಟಿಗೇ ಕೂತರು. ಮುಂದಿನ ವರ್ಷ ಕ್ಯಾಲಿಫೋರ್ನಿಯಾದ ಕೌ ಪ್ಯಾಲೇಸ್ ಕಚೇರಿಯ ಕರಾರುಪತ್ರದಲ್ಲೇ ಈ ಷರತ್ತು ಸೇರಿತು. ಸಾವಿರಾರು ಜನ ಒಂದೇ ಕಡೆ ಕೂರುವ ಜಾಗದಲ್ಲಿ ಯಾರ ಪಕ್ಕ ಯಾರು ಕೂರಬಹುದು ಅನ್ನೋದು ಸಣ್ಣ ಪ್ರಶ್ನೆಯೇನಲ್ಲ.

ಆದರೆ ಕೇಳಿಸದ ಸಂಗೀತವನ್ನ ಎಷ್ಟು ದಿನ ನುಡಿಸೋದು? 1966ರ ಆಗಸ್ಟ್‌ನಲ್ಲಿ ಬೀಟಲ್ಸ್ ಮತ್ತೆ ಶೇ ಸ್ಟೇಡಿಯಂಗೆ ಬಂದಾಗ ಸುಮಾರು ಹನ್ನೊಂದು ಸಾವಿರ ಸೀಟು ಖಾಲಿ. ಆರು ದಿನ ಕಳೆದು, ಆಗಸ್ಟ್ 29ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಅದೂ ಬೇಸ್‌ಬಾಲ್ ಮೈದಾನವೇ. 42,500 ಜನ ಹಿಡಿಯೋ ಜಾಗಕ್ಕೆ ಬಂದವರು 25 ಸಾವಿರ. ಅದೇ ಕೊನೆ. ಅಲ್ಲಿಂದಾಚೆ ಬೀಟಲ್ಸ್ ಟಿಕೆಟ್ ಇಟ್ಟು ಕಚೇರಿ ಮಾಡಲೇ ಇಲ್ಲ.

ನವೆಂಬರ್‌ಗೆ ಅವರು ಲಂಡನ್ನಿನ ಸ್ಟುಡಿಯೋ ಸೇರಿದರು. ವೇದಿಕೆ ಮೇಲೆ ನುಡಿಸೋಕೆ ಆಗುತ್ತೋ ಇಲ್ಲವೋ ಅನ್ನೋ ಚಿಂತೆ ಬಿಟ್ಟು, ತಿಂಗಳುಗಟ್ಟಲೆ ಕೂತು ಧ್ವನಿಮುದ್ರಣ ಮಾಡಿದರು. 1967ರಲ್ಲಿ ಬಂದ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ ಆ ಸ್ವಾತಂತ್ರ್ಯದ ಫಲ. ದೊಡ್ಡ ದೊಡ್ಡ ಮೈದಾನಗಳಿಂದ ಓಡಿ ಬಂದವರು ನಾಲ್ಕು ಗೋಡೆಗಳ ನಡುವೆ ತಮ್ಮ ದನಿಯನ್ನ ಮತ್ತೆ ಕೇಳಿಸಿಕೊಂಡರು.

ಸ್ಟೇಡಿಯಂ ಮಾತ್ರ ಸುಮ್ಮನಿರಲಿಲ್ಲ. ಅದು ಹಾಡು ಕಲಿಯೋಕೆ ಹೊರಟಿತು.

ಕ್ರೀಡಾಂಗಣವನ್ನ ಕಟ್ಟೋದು ಕಣ್ಣಿಗೆ, ಕಿವಿಗಲ್ಲ. ದೂರದ ಸ್ಟ್ಯಾಂಡಿನಿಂದಲೂ ಚೆಂಡು ಕಾಣಬೇಕು, ಅಷ್ಟೇ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ವೇದಿಕೆಯಿಂದ 170 ಮೀಟರ್ ದೂರ ಕೂತವನಿಗೆ ಗಾಯಕನ ತುಟಿ ಅಲುಗಿದ ಅರ್ಧ ಸೆಕೆಂಡ್ ಆದಮೇಲೆ ದನಿ ಮುಟ್ಟುತ್ತೆ. ನಡುವೆ ಇನ್ನೊಂದು ಸ್ಪೀಕರ್ ಇಟ್ಟರೆ? ಅದರ ದನಿ ಮೊದಲು, ವೇದಿಕೆಯ ದನಿ ಆಮೇಲೆ, ಎರಡೂ ಕಲಸಿ ಗೊಜ್ಜು. ಪರಿಹಾರ ಏನಪ್ಪಾ ಅಂದರೆ, ನಡುವಿನ ಸ್ಪೀಕರಿಗೆ ಹೋಗೋ ದನಿಯನ್ನ ಎಲೆಕ್ಟ್ರಾನಿಕ್ ಆಗಿ ಅಷ್ಟೇ ಹೊತ್ತು ತಡೆದು ಬಿಡೋದು. ಇವತ್ತು ಮೈದಾನದ ಮಧ್ಯೆ ಗೋಪುರದ ಹಾಗೆ ನಿಂತಿರೋ ಸ್ಪೀಕರ್‌ಗಳನ್ನ ನೋಡಿದ್ದೀರಲ್ಲ, ಅವುಗಳ ಗುಟ್ಟು ಇದೇ.

1974ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ‘ವಾಲ್ ಆಫ್ ಸೌಂಡ್’ ಅಂತ ಒಂದು ಗೋಡೆಯನ್ನೇ ಕಟ್ಟಿತು. ಆರುನೂರಕ್ಕೂ ಹೆಚ್ಚು ಸ್ಪೀಕರು, 26 ಸಾವಿರ ವಾಟ್, ತೂಕ ಸುಮಾರು 75 ಟನ್. ಶೇ ಸ್ಟೇಡಿಯಂನ ನೂರು ವಾಟ್ ಆಗಿ ಒಂಬತ್ತೇ ವರ್ಷ. ಸಾಗಿಸೋ ಖರ್ಚಿಗೇ ತಂಡ ಹೈರಾಣಾಗಿ ಆ ವರ್ಷದ ಕೊನೆಗೆ ಗೋಡೆಯನ್ನ ಕೈಬಿಟ್ಟಿತು, ಆದರೆ ದಾರಿ ತೆರೆದುಕೊಂಡಿತ್ತು. ಅಷ್ಟರಲ್ಲಿ ಬೀಟಲ್ಸ್ ದಾಖಲೆಯೂ ಮುರಿದಿತ್ತು. 1973ರ ಮೇ ತಿಂಗಳಲ್ಲಿ ಫ್ಲಾರಿಡಾದ ಟ್ಯಾಂಪಾ ಸ್ಟೇಡಿಯಂನಲ್ಲಿ ಲೆಡ್ ಜೆಪ್ಪೆಲಿನ್ ತಂಡದ ಎದುರು 56,800 ಜನ. ಇದೇ ತಂಡಕ್ಕೆ 1977ರಲ್ಲಿ ಮಿಷಿಗನ್ನಿನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ 76,229.

ಇನ್ನು ಬ್ರೆಜಿಲ್‌ನ ಮರಕಾನಾ. 1950ರ ಫುಟ್‌ಬಾಲ್ ವಿಶ್ವಕಪ್‌ಗೆ ಅಂತ ರಿಯೊದಲ್ಲಿ ಕಟ್ಟಿದ ದೈತ್ಯ. ಆ ವರ್ಷ ಉರುಗ್ವೆ ಎದುರು ಬ್ರೆಜಿಲ್ ಸೋತ ಪಂದ್ಯಕ್ಕೆ ದುಡ್ಡು ಕೊಟ್ಟು ಬಂದವರೇ 1,73,850 ಜನ. 1980ರ ಜನವರಿಯಲ್ಲಿ ಅಲ್ಲಿ ಫ್ರಾಂಕ್ ಸಿನಾತ್ರಾ ಹಾಡಿದ. 1988ರಲ್ಲಿ ಟೀನಾ ಟರ್ನರ್. 1990ರ ಏಪ್ರಿಲ್ 21ಕ್ಕೆ ಪಾಲ್ ಮೆಕಾರ್ಟ್ನಿ. ಹೌದು, ಶೇ ಸ್ಟೇಡಿಯಂನಲ್ಲಿ ತನ್ನ ದನಿ ತನಗೇ ಕೇಳಿಸದ ಅದೇ ಮೆಕಾರ್ಟ್ನಿ. ಈ ಸಲ ಎದುರಿಗಿದ್ದವರು 1,84,000 ಜನ. ಈ ಸಲ ಕೇಳಿಸಿತು.

ಆ ಮರಕಾನಾಗೆ ಇವತ್ತು ಹಿಡಿಯೋದು ಸುಮಾರು 78 ಸಾವಿರ ಜನ ಮಾತ್ರ. ಯಾಕೆ? 1992ರ ಜುಲೈನಲ್ಲಿ ಫುಟ್‌ಬಾಲ್ ಪಂದ್ಯವೊಂದರ ಹೊತ್ತಿಗೆ ಮೇಲಿನ ಸ್ಟ್ಯಾಂಡಿನ ಒಂದು ಭಾಗ ಕುಸಿದು ಮೂವರು ಸತ್ತರು. ಆಮೇಲೆ ನಿಂತು ನೋಡೋ ಜಾಗಗಳನ್ನೆಲ್ಲ ತೆಗೆದು, ಎಲ್ಲರಿಗೂ ಒಂದೊಂದು ಕುರ್ಚಿ ಅಂತ ಮಾಡಿದರು. ಅಂದರೆ ಮೆಕಾರ್ಟ್ನಿಯ ಆ ಸಂಖ್ಯೆಯನ್ನ ಆ ಮೈದಾನದಲ್ಲಿ ಇನ್ನು ಯಾರೂ ಮುಟ್ಟೋಕೆ ಆಗಲ್ಲ. ಅವನಿಗಿಂತ ದೊಡ್ಡ ಗಾಯಕ ಹುಟ್ಟಲ್ಲ ಅಂತಲ್ಲ; ಅಷ್ಟು ಜನರನ್ನ ಅಷ್ಟು ಇಕ್ಕಟ್ಟಾಗಿ ತುಂಬೋದನ್ನ ನಿಲ್ಲಿಸಿದ್ದಾರೆ. ಕೆಲವು ದಾಖಲೆಗಳು ಮುರಿಯದೆ ಉಳಿಯೋದೇ ಒಳ್ಳೇದು.

ಕಡಿಮೆ ಜನ ಇದ್ದರೆ ಅಪಾಯ ಇಲ್ಲ ಅಂತಲೂ ಅಲ್ಲ. 1979ರ ಡಿಸೆಂಬರ್ 3, ಸಿನ್ಸಿನಾಟಿ. ರಿವರ್‌ಫ್ರಂಟ್ ಕೊಲಿಸಿಯಂ ಅನ್ನೋ ಒಳಾಂಗಣ ಕ್ರೀಡಾಂಗಣದಲ್ಲಿ ‘ದ ಹೂ’ ತಂಡದ ಕಚೇರಿ. ಸೀಟಿಗೆ ನಂಬರ್ ಇಲ್ಲ, ಮೊದಲು ಬಂದವರಿಗೆ ಮುಂದಿನ ಜಾಗ. ಸಾವಿರಾರು ಜನ ಹೊರಗೆ ಚಳಿಯಲ್ಲಿ ಕಾಯ್ತಾ ಇದ್ದರು. ಒಳಗಿಂದ ತಂಡದವರು ಶಬ್ದ ಪರೀಕ್ಷೆ ಮಾಡೋ ಸದ್ದು ಬಂತು. ಶುರುವಾಗಿಬಿಟ್ಟಿತು ಅಂದುಕೊಂಡು ಜನ ನುಗ್ಗಿದರು. ತೆರೆದಿದ್ದದ್ದು ಕೆಲವೇ ಬಾಗಿಲು. ಹನ್ನೊಂದು ಜನ ಉಸಿರುಗಟ್ಟಿ ಸತ್ತರು. ಒಳಗೆ ಕಚೇರಿ ನಡೆದೇ ನಡೆಯಿತು. ವೇದಿಕೆ ಇಳಿದಮೇಲಷ್ಟೇ ತಂಡಕ್ಕೆ ವಿಷಯ ಗೊತ್ತಾದದ್ದು. ಆ ತಿಂಗಳು ಮುಗಿಯೋದರೊಳಗೆ ನಂಬರಿಲ್ಲದ ಸೀಟಿನ ಪದ್ಧತಿಯನ್ನ ಆ ನಗರ ನಿಷೇಧಿಸಿತು.

ಹನ್ನೊಂದು ಅನ್ನೋ ಸಂಖ್ಯೆ ಬೆಂಗಳೂರಿನವರಿಗೆ ಚುಚ್ಚುತ್ತೆ. 2025ರ ಜೂನ್ 4, ಚಿನ್ನಸ್ವಾಮಿ ಕ್ರೀಡಾಂಗಣ. ಅದು ಹಾಡಲ್ಲ, ಹದಿನೆಂಟು ವರ್ಷ ಕಾದು ಬಂದ ಆರ್‌ಸಿಬಿ ಕಪ್ಪಿನ ಸಂಭ್ರಮ. ಒಳಗೆ ಜಾಗ ಇದ್ದದ್ದು ಸುಮಾರು 35 ಸಾವಿರ ಜನಕ್ಕೆ, ಬಂದವರು ಲಕ್ಷಗಟ್ಟಲೆ. ಸತ್ತವರು ಹನ್ನೊಂದು. ಸಿನ್ಸಿನಾಟಿಯಲ್ಲಿ ಆದ ಹಾಗೇ ಇಲ್ಲೂ ನೂಕುನುಗ್ಗಲು ಆಗಿದ್ದು ಸ್ಟ್ಯಾಂಡಿನಲ್ಲಲ್ಲ, ಗೇಟುಗಳ ಬಳಿ. ಸ್ಟೇಡಿಯಂನ ಸಾಮರ್ಥ್ಯ ಅಂದಾಗ ನಾವು ಕುರ್ಚಿ ಎಣಿಸ್ತೀವಿ. ಎಣಿಸಬೇಕಾದ್ದು ಬಾಗಿಲನ್ನ, ಅದರ ಅಗಲವನ್ನ, ಆಚೆಯ ರಸ್ತೆಯನ್ನ.

ದಾಖಲೆಗಳ ಓಟ ಇವತ್ತಿಗೂ ನಿಂತಿಲ್ಲ. 2009ರಿಂದ 2011ರವರೆಗೆ ಯು2 ತಂಡ ಐವತ್ತು ಮೀಟರ್ ಎತ್ತರದ ನಾಲ್ಕು ಕಾಲಿನ ಜೇಡದಂಥ ವೇದಿಕೆ ಹೊತ್ತು ಊರೂರು ಸುತ್ತಿತು. ಸಾಮಾನ್ಯವಾಗಿ ವೇದಿಕೆಯನ್ನ ಮೈದಾನದ ಒಂದು ತುದಿಗೆ ಇಟ್ಟರೆ ಅದರ ಹಿಂದಿನ ಸೀಟುಗಳೆಲ್ಲ ದಂಡ. ನಾಲ್ಕೂ ಕಡೆಯಿಂದ ಕಾಣೋ ಹಾಗೆ ವೇದಿಕೆ ಇಟ್ಟು ಆ ಸೀಟನ್ನೂ ಮಾರಿದರು. 110 ಕಚೇರಿಗೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಟಿಕೆಟ್! ಆಮೇಲೆ ಟೇಲರ್ ಸ್ವಿಫ್ಟ್ 2023-24ರಲ್ಲಿ 149 ಕಚೇರಿ ಮಾಡಿ ಇನ್ನೂರು ಕೋಟಿ ಡಾಲರ್ ದಾಟಿಸಿದಳು. 2024ರ ಜೂನ್‌ನಲ್ಲಿ ನಮ್ಮಲ್ಲಿ ಬಹಳ ಜನ ಹೆಸರೂ ಕೇಳಿರದ ಹಳ್ಳಿಹಾಡಿನ ಗಾಯಕ ಜಾರ್ಜ್ ಸ್ಟ್ರೇಟ್, ಟೆಕ್ಸಸ್‌ನ ಕಾಲೇಜು ಫುಟ್‌ಬಾಲ್ ಮೈದಾನವೊಂದರಲ್ಲಿ 1,10,905 ಜನರ ಮುಂದೆ ಹಾಡಿ ಅಮೆರಿಕದ ಹಳೆಯ ದಾಖಲೆ ಮುರಿದ. 1,32,000 ಸೀಟಿನ, ಜಗತ್ತಿನ ಅತಿ ದೊಡ್ಡ ಕ್ರಿಕೆಟ್ ಮೈದಾನವಾದ ಅಹಮದಾಬಾದಿನ ನರೇಂದ್ರ ಮೋದಿ ಸ್ಟೇಡಿಯಂನಲ್ಲಿ 2025ರ ಜನವರಿ 25 ಮತ್ತು 26ಕ್ಕೆ ಕೋಲ್ಡ್‌ಪ್ಲೇ ಹಾಡಿದಾಗ ಎರಡೂ ರಾತ್ರಿ ಲಕ್ಷಕ್ಕೂ ಮೀರಿ ಜನ.

ಶೇ ಸ್ಟೇಡಿಯಂ ಈಗ ಇಲ್ಲ, 2009ರಲ್ಲಿ ಪೂರ್ತಿ ಕೆಡವಿದರು. ಈ ಅರವತ್ತು ವರ್ಷದಲ್ಲಿ ಹಿಂದಿನ ಸಾಲಿನ ಹುಡುಗಿಗೂ ಹಾಡು ಕೇಳಿಸೋ ಹಾಗೆ ಮಾಡೋದನ್ನ ಮನುಷ್ಯ ಕಲಿತ. ಅದೇನು ಸಣ್ಣ ಸಾಧನೆಯಲ್ಲ. ಅದೇ ಹುಡುಗಿಯನ್ನ ಗೇಟಿನಿಂದ ಸೀಟಿಗೆ, ಸೀಟಿನಿಂದ ಮನೆಗೆ ಸುರಕ್ಷಿತವಾಗಿ ಮುಟ್ಟಿಸೋ ವಿದ್ಯೆಯನ್ನ ಒಂದೊಂದು ಊರೂ ಒಂದೊಂದು ಸಾವಿನಿಂದ ಹೊಸದಾಗಿ ಕಲೀತಾ ಇದೆ. ಮುಂದಿನ ಸಲ ಯಾರಾದರೂ ‘ದಾಖಲೆ ಸಂಖ್ಯೆಯ ಜನ’ ಅಂದರೆ ಒಂದು ಪ್ರಶ್ನೆ ಕೇಳಿ ನೋಡಿ: ಬಂದವರೆಷ್ಟು ಅಂತ ಗೊತ್ತಾಯ್ತು, ಬಾಗಿಲೆಷ್ಟು?