ಕಡಲ ಕಾವಲಿನ ಕಡಜಗಳು



ತಾಳವಾಡಿ ಮಲೆಯಲ್ಲಿ ಕುಳಿತು ಕಡಲಿನ ಮಾತಾಡಿದರೆ ನಿಮಗೆ ನಗು ಬಂದೀತು. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಬಣ್ಣಾರಿ ಮುಟ್ಟಿದರೂ ಕಡಲಿಲ್ಲ. ಈ ಕಡೆ ಚಾಮರಾಜನಗರಕ್ಕೆ ಹೋದರೂ ಇಲ್ಲ. ನಮ್ಮ ಸೀಮೆಯಲ್ಲಿ ಕಡಲನ್ನು ಕಣ್ಣಾರೆ ಕಾಣದೆ ಮುಪ್ಪಾದವರು ಎಷ್ಟೋ ಮಂದಿ. ಆದರೆ ಕಾವಲು ಎಂದರೇನೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಗಿ ತೆನೆ ಕಟ್ಟಿದಾಗ, ಕಬ್ಬು ಬಲಿತಾಗ, ಆನೆ ಕಾಡಿನಿಂದ ಇಳಿಯುವ ಹೊತ್ತಿಗೆ ಅಟ್ಟಣೆ ಹತ್ತಿ ರಾತ್ರಿಯೆಲ್ಲ ಎಚ್ಚರವಾಗಿ ಕೂರುವವರು ನೀವು. ಇಂದು ನಾನು ಹೇಳಹೊರಟಿರುವುದೂ ಅಂಥದೇ ಒಂದು ಕಾವಲಿನ ಕಥೆ. ಅಲ್ಲಿ ಹೊಲದ ಬದಲು ಕಡಲು, ಅಟ್ಟಣೆಯ ಬದಲು ಹಡಗು, ಅಷ್ಟೇ ವ್ಯತ್ಯಾಸ.

ಈ ಕಥೆಗೆ ಕಾರವಾರದಿಂದ ಹೊರಡೋಣ. ಉತ್ತರ ಕನ್ನಡ ಜಿಲ್ಲೆಯ ಆ ಊರಿನ ಪಕ್ಕದಲ್ಲಿ ಭಾರತೀಯ ನೌಕಾಪಡೆಯ ದೊಡ್ಡ ನೆಲೆಯೊಂದಿದೆ. ಅದರ ಹೆಸರು ಐ.ಎನ್.ಎಸ್. ಕದಂಬ. ಬನವಾಸಿಯಲ್ಲಿ ಆಳಿದ ಕನ್ನಡದ ಮೊದಲ ಅರಸುಮನೆತನದ ಹೆಸರದು. ಆ ಕದಂಬರ ಮೂಲಪುರುಷನನ್ನು 1975ರ ‘ಮಯೂರ’ ಚಿತ್ರದಲ್ಲಿ ನಮ್ಮ ಕಣ್ಣೆದುರು ತಂದು ನಿಲ್ಲಿಸಿದವರು ಯಾರು? ಇದೇ ಗಾಜನೂರಿನಲ್ಲಿ ಹುಟ್ಟಿದ ಡಾ. ರಾಜಕುಮಾರ್. ಆದುದರಿಂದ ಆ ಹೆಸರು ನಮಗೆ ದೂರದ್ದೇನಲ್ಲ.

ಕಾರವಾರದ ರವೀಂದ್ರನಾಥ ಠಾಗೋರ್ ಕಡಲತೀರಕ್ಕೆ ಹೋದರೆ ಮರಳಿನ ಪಕ್ಕದಲ್ಲಿ ನೆಲದ ಮೇಲೆ ನಿಲ್ಲಿಸಿದ ಒಂದು ಯುದ್ಧನೌಕೆ ಕಾಣುತ್ತದೆ. ಹೆಸರು ‘ಚಪಲ್’. 2005ರಲ್ಲಿ ಸೇವೆಯಿಂದ ನಿವೃತ್ತಿಯಾಗಿ, 2006ರಿಂದ ಅಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಒಳಹೊಕ್ಕು ನೋಡಬಹುದು. ಮಕ್ಕಳು ಕ್ಷಿಪಣಿಯ ಗೂಡಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. “1971ರ ಯುದ್ಧದಲ್ಲಿ ಕರಾಚಿಯನ್ನು ಸುಟ್ಟ ಹಡಗು ಇದೇ” ಎಂದು ನೋಡಬಂದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದುಂಟು. ಈ ಮಾತು ನಿಜವಲ್ಲ. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ, ಯುದ್ಧ ಮುಗಿದು ಐದು ವರ್ಷಗಳಾದ ಮೇಲೆ. ಕರಾಚಿಗೆ ಹೋದದ್ದು ಇದರ ಅಕ್ಕಂದಿರು. ಸುಳ್ಳಿನ ಅಲಂಕಾರ ಬೇಕಾಗದಷ್ಟು ದೊಡ್ಡದು ಆ ಅಕ್ಕಂದಿರ ಕಥೆ. ಅದನ್ನೇ ಕೇಳೋಣ.

ಸೋವಿಯತ್ ರಷ್ಯದಲ್ಲಿ ಕಟ್ಟಿದ ಈ ಜಾತಿಯ ದೋಣಿಗಳಿಗೆ ‘ಓಸಾ’ ಎಂದು ಹೆಸರು. ಓಸಾ ಎಂದರೆ ರಷ್ಯನ್ ಭಾಷೆಯಲ್ಲಿ ಕಡಜ. ಹೆಸರಿಗೆ ತಕ್ಕ ರೂಪ. ಉದ್ದ 40 ಮೀಟರಿಗೂ ಕಡಿಮೆ, ತೂಕ ಇನ್ನೂರು ಟನ್ನಿನ ಆಸುಪಾಸು. ಬೆನ್ನ ಮೇಲೆ ನಾಲ್ಕು ಗೂಡುಗಳು, ಒಂದೊಂದರಲ್ಲಿ ಒಂದೊಂದು ಕ್ಷಿಪಣಿ. ಆ ಕ್ಷಿಪಣಿ ಸುಮಾರು 40 ಕಿಲೋಮೀಟರ್ ದೂರದ ಹಡಗನ್ನು ಹುಡುಕಿಕೊಂಡು ಹೋಗಿ ಬಡಿಯುತ್ತಿತ್ತು. ಇದೇ ಕಡಜದ ಮುಳ್ಳು. ಓಟವೂ ಬಹಳ ಜೋರು. ಆದರೆ ಹೊಟ್ಟೆ ಚಿಕ್ಕದು. ಹೆಚ್ಚು ಇಂಧನ ಹಿಡಿಸುತ್ತಿರಲಿಲ್ಲ. ತನ್ನ ಬಂದರಿನ ಹತ್ತಿರವೇ ಇದ್ದು, ಹಗೆಯ ಹಡಗು ಬಂದರೆ ಹೊರಗೆ ಧಾವಿಸಿ ಕುಟುಕಿ ಹಿಂದಿರುಗಲಿ ಎಂದು ಅದನ್ನು ಕಟ್ಟಿದ್ದರು. ಹೊಲದ ಅಂಚು ಬಿಟ್ಟು ಹೋಗದ ಕಾವಲುಗಾರನಂತೆ.

ಭಾರತ ಇಂಥ ಎಂಟು ದೋಣಿಗಳನ್ನು ಕೊಂಡಿತು. 1971ರ ಮೊದಲ ತಿಂಗಳುಗಳಲ್ಲಿ ಅವು ಸರಕುಹಡಗುಗಳ ಮೇಲೆ ಬಂದು ಕಲ್ಕತ್ತೆಯಲ್ಲಿ ಇಳಿದವು. ಅಷ್ಟು ಭಾರ ಎತ್ತಿ ಇಳಿಸುವ ಕ್ರೇನು ಆಗ ಬೊಂಬಾಯಿಯಲ್ಲಿ ಇರಲಿಲ್ಲ. ಹಾಗಾಗಿ ಕಲ್ಕತ್ತೆಯಿಂದ ಬೊಂಬಾಯಿಯವರೆಗೆ, ನಮ್ಮ ದೇಶದ ಕರಾವಳಿಯನ್ನೆಲ್ಲ ಸುತ್ತಿ, ದೊಡ್ಡ ಹಡಗುಗಳು ಇವನ್ನು ಹಗ್ಗ ಕಟ್ಟಿ ಎಳೆದು ತಂದವು. ಕೆಟ್ಟ ಬಸ್ಸನ್ನು ಲಾರಿ ಎಳೆದು ತಂದ ಹಾಗೆ. ನೋಡುವವರಿಗೆ ಇದೊಂದು ತೊಂದರೆ. ಆದರೆ ಅದರಿಂದಲೇ ಒಂದು ಪಾಠ ಸಿಕ್ಕಿತು. ಎಳೆದುಕೊಂಡು ಇಷ್ಟು ದೂರ ಬರಬಹುದಾದರೆ, ಎಳೆದುಕೊಂಡು ಕರಾಚಿಯ ಹತ್ತಿರಕ್ಕೂ ಹೋಗಬಹುದಲ್ಲ! ಆಗ ನೌಕಾಪಡೆಯ ಮುಖ್ಯಸ್ಥರಾಗಿದ್ದವರು ಅಡ್ಮಿರಲ್ ಎಸ್.ಎಂ. ನಂದಾ. ಬಂದರಿನ ಕಾವಲಿಗೆಂದು ಕೊಂಡ ದೋಣಿಗಳನ್ನೇ ಹಗೆಯ ಬಾಗಿಲಿಗೆ ಒಯ್ಯುವ ಯೋಜನೆ ಅವರ ಕಾಲದಲ್ಲಿ ಸಿದ್ಧವಾಯಿತು.

ಆಗ ನಮ್ಮ ಪಶ್ಚಿಮ ನೌಕಾದಳದ ನಾಯಕ ಹಡಗಿನ ಹೆಸರು ‘ಮೈಸೂರು’. ಎಂಟು ಸಾವಿರ ಟನ್ನಿಗೂ ಮಿಗಿಲಾದ ಕ್ರೂಸರ್. 1957ರಲ್ಲಿ ಬ್ರಿಟನ್ನಿನಿಂದ ಬಂದದ್ದು. ಲಾಂಛನದಲ್ಲಿ ಮೈಸೂರರಸರ ಗಂಡಭೇರುಂಡ. ಅಷ್ಟು ದೊಡ್ಡ ಗಂಡಭೇರುಂಡ ಇದ್ದರೂ ಆ ರಾತ್ರಿಯ ಕೆಲಸ ಮಾಡಿದ್ದು ಮೂರು ಪುಟ್ಟ ಕಡಜಗಳು ಎಂಬುದೇ ಇಲ್ಲಿಯ ಸ್ವಾರಸ್ಯ.

1971ರ ಡಿಸೆಂಬರ್ 4ರ ರಾತ್ರಿ. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು, ಬೆಂಗಾವಲಿಗೆ ಕಿಲ್ತಾನ್ ಮತ್ತು ಕಚ್ಚಲ್ ಎಂಬ ಎರಡು ಹಡಗುಗಳೊಡನೆ, ಕತ್ತಲಲ್ಲಿ ಕರಾಚಿಯ ಕಡೆಗೆ ಹೊರಟವು. ದಳದ ನಾಯಕ ಕಮಾಂಡರ್ ಬಬ್ರು ಭಾನ್ ಯಾದವ್. ನಿರ್ಘಾತ್ ಬಿಟ್ಟ ಎರಡು ಕ್ಷಿಪಣಿಗಳಿಗೆ ಪಾಕಿಸ್ತಾನದ ‘ಖೈಬರ್’ ಎಂಬ ದೊಡ್ಡ ಯುದ್ಧನೌಕೆ ಮುಳುಗಿತು. ತಮ್ಮ ಮೇಲೆ ಬಿದ್ದದ್ದು ಕ್ಷಿಪಣಿ ಎಂಬುದು ಕೂಡ ಆ ಹಡಗಿನವರಿಗೆ ತಿಳಿಯಲಿಲ್ಲ. ವಿಮಾನ ದಾಳಿ ಎಂದೇ ಭಾವಿಸಿದರು. ಕಡಲಿನ ಮೈನುಗಳನ್ನು ತೆಗೆಯುವ ‘ಮುಹಾಫಿಜ್’ ಎಂಬ ಹಡಗು ವೀರ್‌ನ ಏಟಿಗೆ ಮುಳುಗಿತು. ಸರಕುಹಡಗೊಂದು ಕೂಡ ನಾಶವಾಯಿತು. ಕೆಮಾರಿಯ ಎಣ್ಣೆ ತೊಟ್ಟಿಗಳಿಗೆ ಬೆಂಕಿ ಬಿತ್ತು. ನಮ್ಮ ಕಡೆ ಒಂದು ಜೀವವೂ ಹೋಗಲಿಲ್ಲ. ನಾಲ್ಕು ದಿನ ಕಳೆದು, ಡಿಸೆಂಬರ್ 8ರ ರಾತ್ರಿ, ‘ವಿನಾಶ್’ ಎಂಬ ಒಂದೇ ದೋಣಿ ಎರಡು ಫ್ರಿಗೇಟುಗಳ ಜೊತೆ ಹೋಗಿ ಮತ್ತೆ ಕುಟುಕಿ ಬಂದಿತು. ಡಿಸೆಂಬರ್ 4ನ್ನು ನೌಕಾದಿನವೆಂದು ದೇಶವೆಲ್ಲ ಆಚರಿಸುವುದು ಈ ಕಾರಣದಿಂದ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಜಯಕಾರ ಹಾಕಿ ಏಳಬಹುದು. ಆದರೆ, ಬಂಧುಗಳೇ, ಅರ್ಧ ಹೇಳಿದ ಇತಿಹಾಸ ಅರ್ಧ ಬೆಂದ ಮುದ್ದೆಯ ಹಾಗೆ. ಖೈಬರ್‌ನಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು ಮಂದಿ. ಅವರಿಗೂ ಹೆತ್ತವರಿದ್ದರು. ವಿನಾಶ್ ಕರಾಚಿಯಿಂದ ಹಿಂದಿರುಗಿದ ಮರುರಾತ್ರಿಯೇ ಅಳುವ ಸರದಿ ನಮ್ಮದಾಯಿತು.

ಅದಕ್ಕೆ ಕಾರಣವಾದದ್ದು ಒಂದು ಜಲಾಂತರ್ಗಾಮಿ, ಅಂದರೆ ಸಬ್‌ಮೆರೀನ್. ಅದು ಮುಳುಗುವ ಬಗೆ ತಿಳಿಯಲು ನಿಮ್ಮ ಬಾವಿಕಟ್ಟೆಗೆ ಹೋದರೆ ಸಾಕು. ಬರಿಗೊಡ ನೀರಿನ ಮೇಲೆ ತೇಲುತ್ತದೆ. ಬಾಯಿಂದ ನೀರು ಹೊಕ್ಕರೆ ಮುಳುಗುತ್ತದೆ. ಸಬ್‌ಮೆರೀನಿನ ಮೈಸುತ್ತ ಇರುವ ತೊಟ್ಟಿಗಳಿಗೆ ಕಡಲ ನೀರು ಬಿಟ್ಟರೆ ಅದು ಕೆಳಗಿಳಿಯುತ್ತದೆ. ಒತ್ತಿ ತುಂಬಿಟ್ಟ ಗಾಳಿಯನ್ನು ಬಿಟ್ಟು ಆ ನೀರನ್ನು ಹೊರದೂಡಿದರೆ ಮೇಲೇಳುತ್ತದೆ. ನೀರಿನಡಿ ಬ್ಯಾಟರಿಯಿಂದ ಓಡುತ್ತದೆ. ಬ್ಯಾಟರಿ ತುಂಬಿಸಲು ಡೀಸೆಲ್ ಎಂಜಿನ್ ನಡೆಯಬೇಕು, ಎಂಜಿನ್ನಿಗೆ ಗಾಳಿ ಬೇಕು, ಅದಕ್ಕಾಗಿ ಆಗಾಗ ಮೇಲಕ್ಕೆ ಬರಲೇಬೇಕು. ಒಳಗಿದ್ದಾಗ ಅದನ್ನು ಕಣ್ಣು ಕಾಣದು, ಕಿವಿಯೇ ಹುಡುಕಬೇಕು. ಕಣಿವೆಯಲ್ಲಿ ನಿಂತು ಕೂಗಿದರೆ ಎದುರು ಗುಡ್ಡದಿಂದ ಮಾರ್ದನಿ ಬರುವುದಿಲ್ಲವೇ? ಹಾಗೆಯೇ ಹಡಗು ನೀರಿನೊಳಗೆ ಸದ್ದು ಬಿಟ್ಟು ಅದರ ಮಾರ್ದನಿ ಕೇಳುತ್ತದೆ. ಆ ಯಂತ್ರಕ್ಕೆ ಸೋನಾರ್ ಎಂದು ಹೆಸರು.

ಡಿಸೆಂಬರ್ 9ರ ರಾತ್ರಿ ದಿಯು ದ್ವೀಪದ ಬಳಿ ನಮ್ಮ ‘ಖುಕ್ರಿ’ ಮತ್ತು ‘ಕೃಪಾಣ್’ ಎಂಬ ಫ್ರಿಗೇಟುಗಳು ಇಂಥ ಹುಡುಕಾಟದಲ್ಲಿದ್ದವು. ಹುಡುಕುತ್ತಿದ್ದವರನ್ನೇ ಪಾಕಿಸ್ತಾನದ ‘ಹ್ಯಾಂಗೋರ್’ ಕೆಳಗಿನಿಂದ ನೋಡುತ್ತಿತ್ತು. ಅದು ಬಿಟ್ಟ ಟಾರ್ಪಿಡೊ ಬಡಿದು ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಮಂದಿ ಕಡಲುಪಾಲಾದರು. ಹಡಗಿನ ನಾಯಕ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಕೈಲಾದಷ್ಟು ಜನರನ್ನು ಹೊರಗೆ ಕಳಿಸಿ, ತಾವು ಹಡಗಿನೊಡನೆಯೇ ಹೋದರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಹ್ಯಾಂಗೋರ್‌ಗಾಗಿ ನಮ್ಮ ಹಡಗುಗಳು ದಿನಗಟ್ಟಲೆ ಹುಡುಕಿದರೂ ಅದು ಕೈಗೆ ಸಿಗದೆ ತನ್ನ ಬಂದರು ಸೇರಿತು.

ಐದು ದಿನಗಳ ಅಂತರದಲ್ಲಿ ನಡೆದ ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಚಿಕ್ಕ ದೋಣಿ ದೊಡ್ಡ ಹಡಗನ್ನು ಮುಳುಗಿಸಬಲ್ಲದು ಎಂದು ನಾವು ಅವರಿಗೆ ಕಲಿಸಿದೆವು. ಕಾಣದ ಹಗೆ ಕಾಣುವ ಹಡಗಿಗಿಂತ ಬಲಶಾಲಿ ಎಂದು ಅವರು ನಮಗೆ ಕಲಿಸಿದರು. ಇತಿಹಾಸದ ಪುಸ್ತಕದಲ್ಲಿ ಎರಡೂ ಪುಟಗಳು ಇರಬೇಕು.

ನೌಕಾಪಡೆಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ನಮ್ಮ ಮನೆಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವಂತೆ, ಹೋದ ಹಡಗಿನ ಹೆಸರನ್ನು ಹೊಸ ಹಡಗಿಗೆ ಇಡುತ್ತಾರೆ. 1989ರಲ್ಲಿ ಹೊಸ ಖುಕ್ರಿ ಬಂತು. 2021ರಲ್ಲಿ ನಿವೃತ್ತಿಯಾಗಿ ಅದು ದಿಯುವಿಗೇ ಹೋಗಿ ನಿಂತಿತು. ಹೊಸ ಮೈಸೂರು 1999ರಲ್ಲಿ ಬಂತು. ಭಾರತದ ಮೊದಲ ಜಲಾಂತರ್ಗಾಮಿ ‘ಕಲ್ವರಿ’ 1967ರ ಡಿಸೆಂಬರ್ 8ರಂದು ರಷ್ಯದಿಂದ ನಮ್ಮದಾಗಿತ್ತು. ಅದೇ ಹೆಸರಿನ ಹೊಸ ಕಲ್ವರಿ, ಫ್ರೆಂಚರ ವಿನ್ಯಾಸದಂತೆ ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ತಯಾರಾಗಿ, 2017ರಲ್ಲಿ ಸೇವೆಗೆ ಸೇರಿತು. ಆ ಸಾಲಿನ ಆರನೆಯದು, ‘ವಾಗ್‌ಶೀರ್’, 2025ರ ಜನವರಿಯಲ್ಲಿ ಬಂತು.

ಇಷ್ಟೊಂದು ಹಡಗುಗಳಿಗೆ ಮನೆ ಬೇಡವೇ? ಮುಂಬಯಿ ಬಂದರು ಇಕ್ಕಟ್ಟಾಯಿತು. ಅದಕ್ಕಾಗಿಯೇ ಕಾರವಾರ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಲ್ಲಿ ‘ಸೀಬರ್ಡ್’ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಕದಂಬ ನೌಕಾನೆಲೆ ಆರಂಭವಾಯಿತು. ಇಂದು ‘ವಿಕ್ರಮಾದಿತ್ಯ’ ಎಂಬ ವಿಮಾನವಾಹಕ ಹಡಗಿಗೂ ಅದೇ ತವರು.

ಆದರೆ ಆ ತವರು ಕಟ್ಟಲು ಬೇರೆಯವರು ತಮ್ಮ ತವರು ಬಿಡಬೇಕಾಯಿತು. ಕಾರವಾರ, ಅಂಕೋಲಾ ತಾಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಡ ಬಿಟ್ಟು ಹೊರಟವು. ಪರಿಹಾರಕ್ಕಾಗಿ ವರ್ಷಾನುಗಟ್ಟಲೆ ನ್ಯಾಯಾಲಯ ಅಲೆದವರಿದ್ದಾರೆ. ಈ ನೋವು ನಿಮಗೆ ಹೊಸದಲ್ಲ. ಘಟ್ಟದ ಬುಡದಲ್ಲಿ, 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ದಣ್ಣಾಯಕನ ಕೋಟೆ ಮುಳುಗಿದ್ದನ್ನು ಹಿರಿಯರಿಂದ ಕೇಳಿದ್ದೀರಿ. ನೀರು ತೀರ ಇಳಿದ ವರ್ಷ ಅಲ್ಲಿಯ ಗುಡಿ ಮೇಲೆದ್ದು ಕಾಣುತ್ತದೆ. ಅಣೆಕಟ್ಟಿನಿಂದ ಎಷ್ಟೋ ಹೊಲಗಳಿಗೆ ನೀರಾಯಿತು, ನಿಜ. ಆದರೆ ನೀರು ಕುಡಿದವರು ಮುಳುಗಿದ ಊರನ್ನು ಮರೆಯಬಾರದು.

ಕಡಲ ಕಾವಲಿಗೂ ಅದೇ ಮಾತು. ಹೊಲ ಉಳಿಯಿತೆಂದು ಬೆಳಿಗ್ಗೆ ಸಂತೋಷಪಡುವಾಗ ರಾತ್ರಿ ಅಟ್ಟಣೆಯ ಮೇಲೆ ಕುಳಿತವನನ್ನು ನೀವು ನೆನೆಯುತ್ತೀರಿ. ಈ ಸಲ ಡಿಸೆಂಬರ್ 4 ಬಂದಾಗ ಮೂರು ಕಡಜಗಳನ್ನು ನೆನೆಯಿರಿ. ಡಿಸೆಂಬರ್ 9 ಬಂದಾಗ ಖುಕ್ರಿಯ 194 ಮಂದಿಯನ್ನೂ ನೆನೆಯಿರಿ. ಎಂದಾದರೂ ಕಾರವಾರಕ್ಕೆ ಹೋದರೆ ಚಪಲ್ ಹತ್ತಿ ಬನ್ನಿ. ಇದು ಯುದ್ಧ ಮಾಡಿದ ಹಡಗಲ್ಲ, ಯುದ್ಧವಿಲ್ಲದ ಕಾಲದಲ್ಲಿ ಮೂವತ್ತು ವರ್ಷದ ಹತ್ತಿರ ಹತ್ತಿರ ಕಾವಲು ಕಾದ ಹಡಗು ಎಂದು ಪಕ್ಕದ ಮಗುವಿಗೆ ಹೇಳಿ. ಆನೆ ಬಾರದ ರಾತ್ರಿಯ ಕಾವಲೂ ಕಾವಲೇ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಾರು?